ರುಚಿಗೆ ಸಾಕ್ಷಿ ಹೇಳುವುದು

ಕಳೆದ ಮಳೆಗಾಲದ ಒಂದು ಸಂಜೆ, ಏಳನೆಯ ತರಗತಿಯಲ್ಲಿ ಓದುತ್ತಿರುವ ನನ್ನ ಮಗಳು ತನ್ನ ಕನ್ನಡ ನೋಟುಪುಸ್ತಕವನ್ನು ನನ್ನ ಮುಂದಿಟ್ಟಳು. 'ಹೊರಗೆ ಉಂಡ ಒಂದು ಊಟ' ಎಂಬ ವಿಷಯದ ಮೇಲೆ ಒಂದು ಪುಟ ಬರೆದು ತರಬೇಕೆಂದು ಅವಳ ಟೀಚರು ಹೇಳಿದ್ದರಂತೆ. ಓದಿ ನೋಡಿದೆ. ಊಟ ಚೆನ್ನಾಗಿತ್ತು, ಸಾಂಬಾರು ರುಚಿಯಾಗಿತ್ತು, ಪಾಯಸ ಇನ್ನೂ ಚೆನ್ನಾಗಿತ್ತು, ನಮಗೆಲ್ಲ ಸಂತೋಷವಾಯಿತು. ಹನ್ನೊಂದು ವಾಕ್ಯಗಳಲ್ಲಿ 'ಚೆನ್ನಾಗಿತ್ತು' ಎಂಬ ಮಾತು ಆರು ಬಾರಿ ಬಂದಿತ್ತು. ಕಾಗುಣಿತದ ತಪ್ಪು ಒಂದೂ ಇರಲಿಲ್ಲ. ಆದರೆ ಅದನ್ನು ಓದಿದವರಿಗೆ ಆ ಊಟ ಹೇಗಿತ್ತೆಂಬುದು ತಿಳಿಯುವಂತೆಯೂ ಇರಲಿಲ್ಲ.

ಇಪ್ಪತ್ತು ವರ್ಷಗಳಿಂದ ಕಾಸರಗೋಡಿನ ನ್ಯಾಯಾಲಯಗಳಲ್ಲಿ ಸಾಕ್ಷಿಗಳನ್ನು ವಿಚಾರಿಸುತ್ತ ಬಂದವನ ಬಾಯಿಯಲ್ಲಿ ಬರಬೇಕಾದ ಮಾತೇ ಬಂತು. "ಇದು ತೀರ್ಪು, ಮಗಾ. ನೀನು ಕೊಡಬೇಕಾದದ್ದು ಸಾಕ್ಷಿ. ಕಣ್ಣಿಗೆ ಏನು ಕಂಡಿತು, ಮೂಗಿಗೆ ಏನು ಬಡಿಯಿತು, ನಾಲಗೆಗೆ ಮೊದಲು ತಾಗಿದ್ದು ಉಪ್ಪೋ ಹುಳಿಯೋ, ಅದನ್ನು ಹೇಳು. ಚೆನ್ನಾಗಿತ್ತೋ ಇಲ್ಲವೋ ಎಂಬುದನ್ನು ಓದುವವರು ತೀರ್ಮಾನಿಸಲಿ."

"ಹಾಗಾದರೆ ಅಪ್ಪಾ, ಇವತ್ತು ಮಧ್ಯಾಹ್ನ ನೀವು ಉಂಡದ್ದಕ್ಕೆ ನೀವೇ ಸಾಕ್ಷಿ ಹೇಳಿ ನೋಡುವಾ" ಎಂದಳು.

ಹೇಳಲು ಹೊರಟೆ. ಮೂರನೆಯ ವಾಕ್ಯಕ್ಕೆ ನಿಂತುಹೋದೆ. ವಿದ್ಯಾನಗರದ ನ್ಯಾಯಾಲಯದ ಬಳಿ ಆರು ವರ್ಷಗಳಿಂದ ಒಂದೇ ಮೆಸ್ಸಿನಲ್ಲಿ ಉಣ್ಣುತ್ತಿದ್ದೇನೆ. ಆ ದಿನದ ಪಲ್ಯ ಯಾವುದೆಂಬುದೂ ನೆನಪಿಗೆ ಬರಲಿಲ್ಲ. ಸೋತವನು ನಾನಾದ್ದರಿಂದ ದಂಡ ತೆರಬೇಕಾದವನೂ ನಾನೇ. ಮೂರು ಶನಿವಾರ, ಮೂರು ಹೋಟೆಲು, ಒಂದು ನೋಟುಪುಸ್ತಕ ಎಂದು ಒಪ್ಪಂದವಾಯಿತು.

ಇನ್ನೊಂದು ಸಂಗತಿಯನ್ನೂ ಇಲ್ಲಿ ಮುಚ್ಚಿಡಬಾರದು. ಅದೇ ವಾರ ನಾನೂ ನನ್ನ ಹೆಂಡತಿಯೂ ಇಂಗ್ಲಿಷ್ ಮಾಧ್ಯಮದ ಶಾಲೆಯೊಂದರ ಪ್ರವೇಶದ ಅರ್ಜಿಯನ್ನು ತಂದಿಟ್ಟುಕೊಂಡಿದ್ದೆವು. ಮಗಳ ತರಗತಿಯ ಕನ್ನಡ ವಿಭಾಗದಲ್ಲಿ ಉಳಿದಿರುವವರು ಹದಿನಾಲ್ಕು ಮಕ್ಕಳು. ಎಂಟನೆಯ ತರಗತಿಗೆ ಇನ್ನೆಷ್ಟು ಮಂದಿ ಇರುತ್ತಾರೋ ಗೊತ್ತಿಲ್ಲ. ಮುಂದೆ ಕಾಲೇಜಿನಲ್ಲಿ ತೊಡಕಾಗುವುದಿಲ್ಲವೇ, ನಮ್ಮ ಅಭಿಮಾನಕ್ಕಾಗಿ ಮಗುವಿನ ದಾರಿಯನ್ನು ಕಿರಿದು ಮಾಡುತ್ತಿದ್ದೇವೆಯೇ ಎಂಬ ಅಳುಕು ಈ ಪತ್ರಿಕೆಯನ್ನು ಓದುವ ಹಲವು ಮನೆಗಳಲ್ಲಿ ಇರಬಹುದು. ನಮ್ಮ ಮನೆಯಲ್ಲಿಯೂ ಇತ್ತು. ಅರ್ಜಿ ನನ್ನ ಮೇಜಿನ ಖಾನೆಯಲ್ಲಿತ್ತು.

ಮೊದಲನೆಯ ಶನಿವಾರ ಹಳೆಯ ಬಸ್ ನಿಲ್ದಾಣದ ಸಮೀಪದ ಸಸ್ಯಾಹಾರಿ ಹೋಟೆಲಿಗೆ ಬೆಳಗಿನ ತಿಂಡಿಗೆ ಹೋದೆವು. ಗಾಜಿನ ಪೆಟ್ಟಿಗೆಯೊಳಗೆ ಒಂದು ತಟ್ಟೆಯಲ್ಲಿ ಬನ್ಸ್, ಪಕ್ಕದ ತಟ್ಟೆಯಲ್ಲಿ ಪಳಂಪೊರಿ. ಒಂದು ಮಂಗಳೂರಿನ ಕಡೆಯಿಂದ ಬಂದದ್ದು, ಇನ್ನೊಂದು ತೆಂಕಣ ಮಲಯಾಳ ನಾಡಿನಿಂದ ಬಂದದ್ದು. ಎರಡೂ ಒಂದೇ ಗಾಜಿನ ಹಿಂದೆ ಕುಳಿತಿರುವುದು ನಮ್ಮ ಕಾಸರಗೋಡಿನ ವಿಶೇಷ. ಮಗಳು ಎರಡನ್ನೂ ತಿಂದು ಹೀಗೆ ಬರೆದಳು: "ಎರಡೂ ಬಾಳೆಹಣ್ಣಿನವೇ. ಬನ್ಸಿನಲ್ಲಿ ಹಣ್ಣು ಹಿಟ್ಟಿನೊಳಗೆ ಕರಗಿಹೋಗಿದೆ, ಕಾಣುವುದಿಲ್ಲ, ವಾಸನೆ ಮಾತ್ರ ಇದೆ. ಪಳಂಪೊರಿಯಲ್ಲಿ ನೇಂದ್ರಬಾಳೆಯ ಹೋಳು ಹಾಗೆಯೇ ಇದೆ, ಹಿಟ್ಟು ಅದಕ್ಕೆ ಅಂಗಿಯ ಹಾಗೆ ಇದೆ. ಬನ್ಸನ್ನು ಮುರಿದಾಗ ಒಳಗೆ ನೂಲು ನೂಲು. ಜೀರಿಗೆ ಹಲ್ಲಿಗೆ ಸಿಕ್ಕಿತು." ಗೋಳಿಬಜೆಯ ಬಗ್ಗೆ ಅವಳ ಹೇಳಿಕೆ ಕಠಿಣವಾಗಿತ್ತು: "ಹೊರಗೆ ಕೆಂಪು, ಒಳಗೆ ಹಸಿಹಿಟ್ಟು. ತೆಂಗಿನಕಾಯಿಯ ಚೂರು ನಾಲ್ಕರಲ್ಲಿ ಒಂದಕ್ಕೆ ಮಾತ್ರ ಸಿಕ್ಕಿತು." ನಾನು ಒಂದನ್ನು ಮುರಿದು ನೋಡಿದೆ. ಸಾಕ್ಷಿ ಸತ್ಯವನ್ನೇ ನುಡಿದಿದ್ದಳು. ಕಾಫಿ ಮಾತ್ರ ದೂರಿಲ್ಲದಂತೆ, ನೊರೆ ಇಳಿಯುವ ಮೊದಲೇ ಮೇಜಿಗೆ ಬಂದಿತ್ತು.

ಆ ಹೋಟೆಲಿಗೆ ನಾನು ಮೊದಲು ಹೋದದ್ದು ನನಗೆ ಹನ್ನೊಂದು ವರ್ಷವಾಗಿದ್ದಾಗ, ನನ್ನ ಅಪ್ಪನ ಜೊತೆಗೆ. ಜಾಗದ ಗಡಿಯ ವಿಚಾರದಲ್ಲಿ ಅಪ್ಪನಿಗೆ ಒಂದು ನೋಟೀಸು ಬಂದಿತ್ತು, ಅದು ಮಲಯಾಳದಲ್ಲಿತ್ತು. ಅಪ್ಪ ಕನ್ನಡ ಬಲ್ಲವರು, ಯಕ್ಷಗಾನ ಪ್ರಸಂಗಗಳನ್ನು ಬಾಯಿಪಾಠವಾಗಿ ಹೇಳಬಲ್ಲವರು, ಆದರೆ ಆ ಅಕ್ಷರಗಳ ಮುಂದೆ ನಿರಕ್ಷರಿ. ಗಲ್ಲಾದಲ್ಲಿ ಕುಳಿತಿದ್ದ ಯಜಮಾನರು ಗಿರಾಕಿಗಳ ಚಿಲ್ಲರೆ ಎಣಿಸುತ್ತಲೇ ಆ ಕಾಗದವನ್ನು ಕನ್ನಡದಲ್ಲಿ ಓದಿ ಹೇಳಿದರು. ಅಪ್ಪ ಕೈಕಟ್ಟಿ ನಿಂತಿದ್ದರು. ಮುಂದೆ ನಾನು ಎಲ್‌ಎಲ್‌ಬಿ ಓದಲು ಹೊರಟದ್ದಕ್ಕೆ ಹಲವು ಕಾರಣಗಳನ್ನು ಹಲವರಿಗೆ ಹೇಳಿದ್ದೇನೆ. ನಿಜವಾದ ಕಾರಣ ಆ ಕಟ್ಟಿದ ಕೈಗಳು.

ಆಗ ಅಲ್ಲಿ ತಿಂಡಿಗಳ ಹೆಸರುಗಳನ್ನು ಕಪ್ಪು ಹಲಗೆಯ ಮೇಲೆ ಕನ್ನಡದಲ್ಲಿ ಬರೆದಿರುತ್ತಿದ್ದರು. ಈಗಿನ ಫಲಕದಲ್ಲಿ ಮಲಯಾಳವಿದೆ, ಇಂಗ್ಲಿಷ್ ಇದೆ. ಮಗಳು ಕೇಳಿದಳು: "ಕನ್ನಡ ಇರಬೇಕೆಂದು ಕಾನೂನು ಇಲ್ಲವೇ?"

ಕಾನೂನು ಎಲ್ಲಿಯವರೆಗೆ ಬರುತ್ತದೆ ಎಂಬುದನ್ನು ಅವಳಿಗೆ ಹೇಳಿದೆ. 1956ರ ನವೆಂಬರ್ 1ರಂದು, ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲೂಕು ಕೇರಳಕ್ಕೆ ಬಂತು. ಅದೇ ವರ್ಷ ಸಂವಿಧಾನಕ್ಕೆ ಸೇರಿದ 350ಎ ವಿಧಿಯು ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯುವ ಸೌಕರ್ಯ ಒದಗಿಸಬೇಕೆಂದು ಹೇಳುತ್ತದೆ. 1969ರ ಕೇರಳ ಅಧಿಕೃತ ಭಾಷಾ ಕಾಯಿದೆಯು ಇಲ್ಲಿನ ಕನ್ನಡಿಗರು ಸರಕಾರಿ ಕಚೇರಿಗಳೊಡನೆ ಕನ್ನಡದಲ್ಲಿಯೇ ಪತ್ರವ್ಯವಹಾರ ಮಾಡಬಹುದೆಂದೂ ಉತ್ತರವೂ ಕನ್ನಡದಲ್ಲಿಯೇ ಬರಬೇಕೆಂದೂ ಹೇಳುತ್ತದೆ. ಇವು ಸಣ್ಣ ಹಕ್ಕುಗಳಲ್ಲ. ಬಳಸಿದವರಿಗೆ ಉಳಿಯುವ ಹಕ್ಕುಗಳು. ಆದರೆ ಯಾವ ಕಾಯಿದೆಯೂ ಗೋಳಿಬಜೆಯ ತಟ್ಟೆಯವರೆಗೆ ಬರುವುದಿಲ್ಲ. ಹೋಟೆಲಿನವನು ಗಿರಾಕಿ ಯಾವ ಭಾಷೆಯಲ್ಲಿ ಕೇಳುತ್ತಾನೋ ಆ ಭಾಷೆಯಲ್ಲಿ ಬರೆಸುತ್ತಾನೆ. ಅದರಲ್ಲಿ ಅವನ ತಪ್ಪಿಲ್ಲ.

ಹೀಗೆ ದೊಡ್ಡ ಮಾತಾಡಿದ ನಾನು ಎರಡನೆಯ ಶನಿವಾರ ಸಿಕ್ಕಿಬಿದ್ದೆ. ನಾನು ದಿನವೂ ಉಣ್ಣುವ ಆ ಮೆಸ್ಸಿಗೇ ಮಗಳನ್ನು ಕರೆದುಕೊಂಡು ಹೋಗಿದ್ದೆ. ಕುಳಿತೊಡನೆ ಅಭ್ಯಾಸದಂತೆ "ರಂಡು ಊಣ್" ಎಂದೆ. ಮಗಳು ಬರೆಯತೊಡಗಿದಳು. "ಕುಚ್ಚಲಕ್ಕಿ ಅನ್ನ, ಕಾಳು ದಪ್ಪ, ಮೇಲೆ ಕೆಂಪು ಗೆರೆ ಇದೆ. ಕುಡಿಯುವ ನೀರು ಬಿಸಿ, ಬಣ್ಣ ಗುಲಾಬಿ. ಮಜ್ಜಿಗೆಯ ಸಾರು ಹಳದಿ, ಒಗ್ಗರಣೆಯಲ್ಲಿ ಮೆಂತೆ ಇದೆ. ಬಂಗುಡೆಯ ಮಸಾಲೆ ಬಾಲದ ಕಡೆ ಕರಟಿದೆ, ಬೆನ್ನಿನ ಕಡೆ ಸರಿಯಾಗಿದೆ. ಅಪ್ಪ ಬಾಲದ ಕಡೆಯನ್ನು ತಾವು ತೆಗೆದುಕೊಂಡರು." ಗುಲಾಬಿ ಬಣ್ಣಕ್ಕೆ ಪತಿಮುಗಂ ಎಂಬ ಮರದ ಚಕ್ಕೆ ಕಾರಣವೆಂದೂ, ಅದನ್ನು ನೀರಿಗೆ ಹಾಕಿ ಕುದಿಸುವುದು ಕೇರಳದ ರೂಢಿಯೆಂದೂ ತಿಳಿಸಿದೆ. ಅದನ್ನೂ ಬರೆದುಕೊಂಡಳು. ಮತ್ತೆ ತಲೆಯೆತ್ತಿ ಮೆಲ್ಲಗೆ ಕೇಳಿದಳು: "ಅಪ್ಪಾ, ಬಡಿಸುವ ಅಣ್ಣ ಆಚೆ ಮೇಜಿನವರ ಹತ್ತಿರ ತುಳುವಿನಲ್ಲಿ ಮಾತಾಡಿದರು. ನೀವು ಯಾಕೆ ಮಲಯಾಳದಲ್ಲಿ ಕೇಳಿದ್ದು?"

ಪಾಟೀಸವಾಲಿನಲ್ಲಿ ಇದಕ್ಕಿಂತ ಚಿಕ್ಕ ಪ್ರಶ್ನೆಯನ್ನು ನಾನು ಯಾರಿಗೂ ಹಾಕಿಲ್ಲ. ಉತ್ತರ ತಿಳಿದಿತ್ತು, ಹೇಳಲು ನಾಚಿಕೆಯಾಯಿತು. ಮಲಯಾಳದ ಮೇಲೆ ನನಗೆ ಮುನಿಸಿಲ್ಲ. ಅದು ನೆರೆಮನೆಯ ಭಾಷೆ, ನನ್ನ ಅನ್ನದ ಭಾಷೆಯೂ ಹೌದು. ಅಪ್ಪನ ಕಾಗದವನ್ನು ಓದಲೆಂದೇ ಅದನ್ನು ಕಲಿತವನು ನಾನು. ಆದರೆ ನಾನು ಹಾಗೆ ಕೇಳಿದ್ದು ಅಗತ್ಯಕ್ಕಲ್ಲ. ಪಟ್ಟಣದಲ್ಲಿ ಕನ್ನಡದಲ್ಲಿ ಕೇಳಿದರೆ ಹಳ್ಳಿಯಿಂದ ಬಂದವನೆಂದು ತಿಳಿದಾರೋ ಎಂಬ, ಹನ್ನೊಂದನೆಯ ವಯಸ್ಸಿನಿಂದ ಒಳಗೆ ಕುಳಿತ ಒಂದು ಅಂಜಿಕೆಗೆ. ಇದನ್ನು ಮಗಳಿಗೆ ಅಂದು ಹೇಳಲಾಗಲಿಲ್ಲ. "ಅಭ್ಯಾಸ" ಎಂದೆ. ಅವಳು ನೋಟುಪುಸ್ತಕಕ್ಕೆ ಹಿಂತಿರುಗಿದಳು.

ಮೂರನೆಯ ಶನಿವಾರ ಬದಿಯಡ್ಕದ ದಾರಿಯಲ್ಲಿರುವ ಒಂದು ಚಿಕ್ಕ ಹೋಟೆಲಿಗೆ ನೀರುದೋಸೆ ತಿನ್ನಲು ಹೋದೆವು. ನನ್ನ ಕಾಲೇಜಿನ ದಿನಗಳಲ್ಲಿ ಹೆಸರಾಗಿದ್ದ ದೋಸೆ. ಈಗ ತಟ್ಟೆಗೆ ಬಂದದ್ದು ದಪ್ಪನಾಗಿ, ನಡುವೆ ಹರಿದು, ಅಂಚಿನಲ್ಲಿ ಬಿರುಸಾಗಿತ್ತು. ಮಗಳು ಒಂದೇ ವಾಕ್ಯ ಬರೆದು ಪುಸ್ತಕ ಮುಚ್ಚಿದಳು: "ಇದು ನೀರುದೋಸೆಯಲ್ಲ."

ಎದುರು ಪಕ್ಷದ ಮಾತನ್ನು ಕೇಳದೆ ತೀರ್ಪು ಕೊಡಬಾರದೆಂಬುದು ಕಾನೂನು ಕಲಿಯುವವರಿಗೆ ಮೊದಲ ವರ್ಷವೇ ಹೇಳುವ ಪಾಠ. "ಮಾಡಿದವರನ್ನು ಕೇಳಿದೆಯಾ?" ಎಂದೆ. ಯಜಮಾನರ ಒಪ್ಪಿಗೆ ಪಡೆದು ಇಬ್ಬರೂ ಅಡುಗೆಮನೆಯ ಬಾಗಿಲಿಗೆ ಹೋದೆವು. ಒಲೆಯ ಮುಂದೆ ಅಸ್ಸಾಮಿನಿಂದ ಬಂದ ಇಪ್ಪತ್ತರ ಹರೆಯದ ಹುಡುಗನಿದ್ದ. ಮೂವತ್ತು ವರ್ಷ ದೋಸೆ ಹೊಯ್ದ ಊರಿನ ಹೆಂಗಸು ಮೊಣಕಾಲ ನೋವಿನಿಂದ ಮನೆಯಲ್ಲಿ ಕುಳಿತ ಮೇಲೆ ಇವನು ಬಂದವನಂತೆ. "ನನ್ನ ಮಕ್ಕಳಿಬ್ಬರೂ ಗಲ್ಫಿನಲ್ಲಿ, ವಕೀಲರೇ" ಎಂದರು ಯಜಮಾನರು. "ಇವನೊಬ್ಬ ಸಿಕ್ಕಿದ್ದಕ್ಕೆ ಬಾಗಿಲು ತೆರೆದಿದೆ. ನೋಡಿ ನೋಡಿ ಕಲಿತಿದ್ದಾನೆ. ಹೇಳಿಕೊಡುವುದಕ್ಕೆ ನನಗೂ ಬರುವುದಿಲ್ಲ."

ಹುಡುಗ ಸೌಟಿನಿಂದ ಹಿಟ್ಟನ್ನು ಮಸಾಲೆದೋಸೆಗೆ ಹರಡುವಂತೆ ಹರಡುತ್ತಿದ್ದ. ನನ್ನ ತಾಯಿಯ ಪಕ್ಕದಲ್ಲಿ ನಿಂತು ನೋಡಿದ ಮಗಳು ತಡೆಯಲಾರದೆ, ಹರಡಬಾರದು, ಹೊಯ್ಯಬೇಕು, ಹಿಟ್ಟು ನೀರಿನಷ್ಟೇ ತೆಳ್ಳಗಿರಬೇಕು ಎಂದಳು. ಕನ್ನಡದಲ್ಲಿ ಅರ್ಥವಾಗದ್ದನ್ನು ಮಲಯಾಳದಲ್ಲಿ ಹೇಳಿ, ಕೈಯಿಂದ ತೋರಿಸಿದಳು. ಅವನು ನೀರು ಬೆರೆಸಿದ. ಎರಡು ದೋಸೆ ಕೆಟ್ಟವು. ಮೂರನೆಯದು ಜಾಲರಿಯಂತೆ ತೂತುತೂತಾಗಿ ಎದ್ದಿತು. ಒಂದು ಅಂಚು ಮಾತ್ರ ಹರಿದಿತ್ತು. ಅವನು ನಕ್ಕು, ಒಲೆಯ ಮೇಲಿದ್ದುದನ್ನು ತೋರಿಸಿ, ಇದಕ್ಕೆ ನಿಮ್ಮ ಭಾಷೆಯಲ್ಲಿ ಏನೆನ್ನುತ್ತಾರೆ ಎಂದು ಕೇಳಿದ.

"ತವಾ" ಎಂದಳು ಮಗಳು.

"ತವಾ ಅಲ್ಲ ಮಗಾ, ಕಾವಲಿ" ಎಂದರು ಯಜಮಾನರು.

ಅವಳು ನನ್ನ ಮುಖ ನೋಡಿದಳು. ನನ್ನ ತಾಯಿ ದಿನವೂ ಆಡುತ್ತಿದ್ದ ಆ ಪದ ನಮ್ಮ ಮನೆಯಿಂದ ಯಾವಾಗ ಹೊರಟುಹೋಯಿತೆಂದು ನನಗೆ ತಿಳಿಯಲಿಲ್ಲ. ಮಗಳು ಮೊದಲಿನ ವಾಕ್ಯವನ್ನು ಹೊಡೆದುಹಾಕಿ, ಅದರ ಕೆಳಗೆ "ಕಾವಲಿ" ಎಂದು ಬರೆದುಕೊಂಡಳು.

ಆ ರಾತ್ರಿ ಹೆಂಡತಿಯೊಡನೆ ಅರ್ಜಿಯ ಮಾತೆತ್ತಿದೆ. ಹಿಂದೆ ನಾನು ನಡೆಸಿದ ಒಂದು ವ್ಯಾಜ್ಯ ನೆನಪಾಗಿತ್ತು. ಸಾಕ್ಷಿ 'ತೋಡು' ಎಂದಿದ್ದ. ಮಳೆಯ ನೀರು ತಾನಾಗಿ ಹರಿದು ಮಾಡಿಕೊಂಡ ದಾರಿ. ಕಡತಕ್ಕೆ ಇಳಿಯುವಾಗ ಅದು ಅಗೆದು ಮಾಡಿದ ಕಾಲುವೆಯಾಯಿತು. ಅಗೆದವರು ಯಾರು ಎಂಬ ಇಲ್ಲದ ಪ್ರಶ್ನೆ ಹುಟ್ಟಿತು. ಆ ಒಂದು ಪದವನ್ನು ಸರಿಪಡಿಸಲು ಇನ್ನೊಬ್ಬ ಸಾಕ್ಷಿಯನ್ನೇ ಕರೆಸಬೇಕಾಯಿತು. ಕಂಡದ್ದನ್ನು ಕಂಡ ಹಾಗೆ ಹೇಳುವ ಶಕ್ತಿ ಯಾವುದಾದರೂ ಒಂದು ಭಾಷೆಯಲ್ಲಿ ಮೊದಲು ಗಟ್ಟಿಯಾಗಬೇಕು. ಅದು ಬಂದವರು ಎರಡನೆಯ, ಮೂರನೆಯ ಭಾಷೆಯನ್ನೂ ಅದರ ಮೇಲೆಯೇ ಕಟ್ಟಿಕೊಳ್ಳುತ್ತಾರೆ. ನನ್ನ ಮಗಳು ಮೂರು ವಾರಗಳಲ್ಲಿ 'ಚೆನ್ನಾಗಿತ್ತು'ವಿನಿಂದ 'ಬಾಲದ ಕಡೆ ಕರಟಿದೆ'ಯವರೆಗೆ ಬಂದದ್ದನ್ನು ಕಣ್ಣಾರೆ ಕಂಡಿದ್ದೆ. ಈ ದಾರಿಯ ನಡುವೆ ಅವಳನ್ನು ಎತ್ತಿ ಬೇರೆ ಕಡೆ ಇರಿಸುವುದು ಸರಿಯೆನಿಸಲಿಲ್ಲ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿಯೇ ಇರಲಿ, ಇಂಗ್ಲಿಷಿಗಾಗಿ ದಿನಕ್ಕೊಂದು ಗಂಟೆ ನಾನೇ ಕೂರುತ್ತೇನೆ ಎಂದೆ. ಹೆಂಡತಿ, "ಒಂದು ಗಂಟೆ ಎಂದದ್ದಕ್ಕೆ ನಾನು ಸಾಕ್ಷಿ" ಎಂದಳು. ಅಳುಕು ಪೂರ್ತಿ ಹೋಗಿದೆಯೆಂದು ಹೇಳಲಾರೆ. ಇತರರೂ ಹೀಗೆಯೇ ಮಾಡಬೇಕೆಂದೂ ಹೇಳುವುದಿಲ್ಲ. ಪ್ರತಿಯೊಂದು ಮನೆಯ ಲೆಕ್ಕ ಬೇರೆ. ಆದರೆ ಮಕ್ಕಳನ್ನು ಕನ್ನಡ ಶಾಲೆಗೆ ಕಳುಹಿಸಿ ನಾವು ಹೋಟೆಲಿನಲ್ಲಿ ಕನ್ನಡವನ್ನು ನುಂಗಿಕೊಂಡರೆ, ಅವರು ಕಲಿಯುವುದು ಶಾಲೆಯ ಪಾಠವನ್ನಲ್ಲ, ನಮ್ಮ ಅಂಜಿಕೆಯನ್ನು.

ಮರುವಾರ ಮಧ್ಯಾಹ್ನ ನ್ಯಾಯಾಲಯದಿಂದ ಮೆಸ್ಸಿಗೆ ಹೋದೆ. ಬಡಿಸುವವನು ಬಂದು ನಿಂತ. ಸ್ವಲ್ಪ ತಡವರಿಸಿದೆ. "ಒಂದು ಊಟ" ಎಂದೆ.

"ಮೀನು ಬೇಕಾ ವಕೀಲರೇ? ಇವತ್ತು ಬೂತಾಯಿ ಒಳ್ಳೆಯದು ಬಂದಿದೆ" ಎಂದ ಅವನು, ಅಚ್ಚ ಕನ್ನಡದಲ್ಲಿ. ಊರು ಯಾವುದೆಂದು ಕೇಳಿದೆ. ಪೆರ್ಲದ ಹತ್ತಿರ, ಹತ್ತನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವನು. ಆರು ವರ್ಷಗಳಿಂದ ನನಗೆ ಅನ್ನ ಬಡಿಸುತ್ತಿದ್ದವನು. ಬೂತಾಯಿ ಹದವಾಗಿ ಹುರಿದಿತ್ತು, ಉಪ್ಪು ಕೊಂಚ ಮುಂದಾಗಿತ್ತು. ಆ ದಿನದ ಪಲ್ಯ ಅಲಸಂಡೆಯದು.