ಕೊಡೇಕಲ್ಲಿನ ಮುಳ್ಳುಕಂಟಿ

ಹುಣಸಗಿಯಿಂದ ಕೊಡೇಕಲ್ ದಾರಿ ಹಿಡಿದರೆ ಎರಡು ಬಗೆಯ ನೆಲ ಎದುರಾಗುತ್ತದೆ. ನಾರಾಯಣಪುರ ಅಣೆಕಟ್ಟಿನ ಕಾಲುವೆ ನೀರು ಹರಿದ ಕಡೆ ಬತ್ತದ ಹಸಿರು; ನೀರು ಹತ್ತದ ಕಡೆ ಕಲ್ಲುಗುಡ್ಡ, ಕುರುಚಲು, ಜಾಲಿ. ಕಾಲಜ್ಞಾನ ನುಡಿದ ಕೊಡೇಕಲ್ ಬಸವಣ್ಣನ ಊರಿದು. ಹಿಂದೂ, ಮುಸ್ಲಿಮರಿಬ್ಬರೂ ನಡೆದುಕೊಳ್ಳುವ ಗದ್ದುಗೆಗೆ ಕೈಮುಗಿದು ಜನ ಹಿಂತಿರುಗುತ್ತಾರೆ. ಊರಾಚೆಯ ಮುಳ್ಳುಕಂಟಿಯನ್ನು ನೋಡಲು ಯಾರೂ ನಿಲ್ಲುವುದಿಲ್ಲ. ಆದರೆ ಈ ಸೀಮೆಯ ಅತಿ ಹಳೆಯ ಕತೆ ಇರುವುದು ಅಲ್ಲಿಯೇ.

ಕಂಟಿ ಆರಿಸುವುದೂ ಒಂದು ವಿದ್ಯೆ. ಕುರಿ ಹಿಂಡಿಗೆ ರಾತ್ರಿಯ ಹಟ್ಟಿ ಕಟ್ಟಬೇಕಾದರೆ ಕೈಗೆ ಸಿಕ್ಕ ಗಿಡ ಕಡಿದು ತಂದರೆ ಸಾಲದು. ಬಾರಿ ಕಂಟಿಯ ಮುಳ್ಳು ಕೊಕ್ಕೆಯಂತೆ ಬಾಗಿರುತ್ತದೆ. ಒಂದು ಕೊಂಬೆ ಇನ್ನೊಂದನ್ನು ಹಿಡಿದುಕೊಳ್ಳುತ್ತದೆ. ಕರಿಜಾಲಿಯ ಮುಳ್ಳು ನೆಟ್ಟಗೆ, ಉದ್ದ. ಬುಡ ಒಳಗೆ, ತುದಿ ಹೊರಗೆ ಮಾಡಿ ಒತ್ತಾಗಿ ಜೋಡಿಸಿದರೆ ಗೋಡೆ ಬೇಡ. ಬಂದರಿಕೆ, ತೊಗರಿ ಕಟ್ಟಿಗೆಗಳಿಗೆ ಮುಳ್ಳಿಲ್ಲ. ಅವು ಗೂಟಗಳ ನಡುವೆ ಹೆಣೆದು ತಟ್ಟಿ ಮಾಡಲು ಸರಿ. ಅಮೆರಿಕ ಖಂಡದಿಂದ ಬಂದ ಬಳ್ಳಾರಿ ಜಾಲಿ ಈಗ ಎಲ್ಲಕ್ಕಿಂತ ಸುಲಭವಾಗಿ ಸಿಗುತ್ತದೆ.

ಇದೇ ಪೊದೆಗಡ್ಡಿಗೆ ದೂರದ ದೇಶಗಳಲ್ಲಿ ಬೇರೆ ಕೆಲಸವಿದೆ. 1752ರಲ್ಲಿ ಐರ್ಲೆಂಡಿನಲ್ಲಿ ಇಬ್ಬರು ಸವಾರರು ಒಂದು ಚರ್ಚಿನ ಗೋಪುರದಿಂದ ಇನ್ನೊಂದರವರೆಗೆ ಬೇಲಿ, ಹಳ್ಳ ಹಾರಿಸುತ್ತ ಕುದುರೆ ಓಡಿಸಿದರಂತೆ. ಮುಂದೆ ಅದೇ ಪಂದ್ಯವಾಯಿತು. ಅಲ್ಲಿ ಬರ್ಚ್ ಮರದ ಸಣ್ಣ ಕಡ್ಡಿಗಳನ್ನು ಕಂತೆ ಕಟ್ಟಿ ಚೌಕಟ್ಟಿನಲ್ಲಿ ತುರುಕಿ ಬೇಲಿ ಮಾಡುತ್ತಾರೆ. ಕುದುರೆಯ ಕಾಲು ತಗುಲಿದರೆ ಕಡ್ಡಿ ಬಾಗಬೇಕು, ಚುಚ್ಚಬಾರದು. ಬೆಂಗಳೂರಿನ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದು ಇಂಥ ತಡೆಗಳನ್ನೂ ಹಾರಬೇಕಾದ ಸ್ಪರ್ಧೆಯಲ್ಲಿ. ಅಲ್ಲಿ ದಾಟಿಸುವ ಬೇಲಿ, ಇಲ್ಲಿ ತಡೆಯುವ ಬೇಲಿ. ಕಡ್ಡಿಯ ಗುಣ ಅರಿಯದೆ ಎರಡೂ ಆಗವು.

ತಡೆಯುವ ಬೇಲಿ ಕೊಡೇಕಲ್ಲಿಗೆ ಎಷ್ಟು ಹಳೆಯದು? ಪುರಾತತ್ವಜ್ಞ ಕೆ. ಪದ್ದಯ್ಯ 1960ರ ದಶಕದಲ್ಲಿ ಇಲ್ಲಿಯ ಬೂದಿದಿಬ್ಬವನ್ನು ಅಗೆದರು. ಅದು ನಾಲ್ಕು ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದಿನ ದನಗಾಹಿಗಳ ನೆಲೆ. ಇಂಥ ದಿಬ್ಬಗಳ ಬಗ್ಗೆ ಜನರಲ್ಲಿ ಪುರಾಣಗಳಿವೆ. ಹಂಪಿ ಬಳಿಯ ನಿಂಬಾಪುರದ ದಿಬ್ಬ ವಾಲಿಯನ್ನು ಸುಟ್ಟ ಬೂದಿಯಂತೆ. ನಿಜವಾಗಿ ಇದು ಸಗಣಿಯ ಬೂದಿ. ದನದ ದೊಡ್ಡಿಯಲ್ಲಿ ರಾಶಿಬಿದ್ದ ಸಗಣಿಗೆ ಮತ್ತೆ ಮತ್ತೆ ಬೆಂಕಿ ಇಟ್ಟು, ಕೆಲವೆಡೆ ಅದು ಕರಗಿ ಗಾಜಿನ ಗಟ್ಟಿಯಂತಾಗಿದೆ. ಎಫ್. ಆರ್. ಆಲ್ಚಿನ್ 1957ರಲ್ಲಿ ತೆಲಂಗಾಣದ ಉಟ್ನೂರಿನಲ್ಲಿ ಅಗೆದಾಗ ದೊಡ್ಡಿಯ ಸುತ್ತ ನೆಟ್ಟ ಕಂಬಗಳ ಕುಳಿಗಳೂ ದನಗಳ ಗೊರಸಿನ ಗುರುತುಗಳೂ ಕಂಡವು.

ಬೆಂಕಿ ಏಕೆ ಇಟ್ಟರು ಎಂಬುದಕ್ಕೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಕೆಲವರು ರೋಗ ಕಳೆಯಲು ಎಂದರೆ, ಆಲ್ಚಿನ್ ಅದರಲ್ಲಿ ಹಬ್ಬದ ಆಚರಣೆಯನ್ನು ಕಂಡರು. ಮೈಸೂರು ಸೀಮೆಯಲ್ಲಿ ಸಂಕ್ರಾಂತಿಯ ಸಂಜೆ ದನಗಳಿಗೆ ಕಿಚ್ಚು ಹಾಯಿಸುವುದನ್ನು ನೋಡಿದವರಿಗೆ ಆ ಮಾತು ತೀರ ದೂರದ್ದೆನಿಸದು.

ಕಂಬಗಳ ಸಂದುಗಳಿಗೆ ಏನು ತುರುಕಿದ್ದರು? ಕೊಂಬೆ, ಮುಳ್ಳು ಮಣ್ಣಾಗಿ ಹೋಗುತ್ತವೆ, ಸಾಕ್ಷಿ ಉಳಿಸುವುದಿಲ್ಲ. ಆದರೆ ಹುಲಿ, ಚಿರತೆಗಳಿದ್ದ ಕಾಡಿನಲ್ಲಿ ಬಾರಿ ಕಂಟಿ, ಜಾಲಿಗಳೇ ಹತ್ತಿರದ ಕಾವಲು. ಇಂದಿನ ಕುರಿಗಾರರ ಹಟ್ಟಿ ನೋಡಿದರೆ ಆ ದೊಡ್ಡಿಯ ರೂಪವನ್ನು ಊಹಿಸಬಹುದು.

ಆ ಹಟ್ಟಿಯೂ ಈಗ ಬದಲಾಗುತ್ತಿದೆ. ಮುಳ್ಳಿನ ಬದಲು ನೈಲಾನ್ ಬಲೆ ಬಂದಿದೆ: ಹಗುರ, ಮಡಚಿ ಹೊರಬಹುದು, ಕೈಗೆ ಗೀರು ಬೀಳುವುದಿಲ್ಲ. ಅದನ್ನು ಬೇಡವೆನ್ನಲು ನಾವು ಯಾರು? ಆದರೆ ದಿಬ್ಬಗಳ ಗತಿ ಬೇರೆ. ಒಳ್ಳೆಯ ಗೊಬ್ಬರವೆಂದು ಬೂದಿಯನ್ನು ಗಾಡಿಗಟ್ಟಲೆ ಹೊಲಕ್ಕೆ ಸಾಗಿಸಿ ಎಷ್ಟೋ ದಿಬ್ಬಗಳು ಕರಗಿವೆ. ಬಡ ರೈತನಿಗೆ ಅದು ಬರಿಯ ಬೂದಿ. ತಿಳಿಸಿ ಹೇಳಿದವರು ಕಡಿಮೆ. ಸಾವಿರಾರು ವರ್ಷ ದನ ಕಾಯ್ದವರ ಗುರುತು ಉಳಿಯಬೇಕಾದರೆ, ಈಗ ಬೇಲಿ ಬೇಕಾಗಿರುವುದು ಆ ದಿಬ್ಬಗಳಿಗೇ. ಕಂಟಿಗಂತೂ ಕೊಡೇಕಲ್ಲಿನಲ್ಲಿ ಬರವಿಲ್ಲ.