ಗೇಮ್ ಕೂಡ ಒಂದು ಮಾತೇ?

ರಜೆಗೆ ಊರಿಗೆ ಹೋದಾಗ ನಮ್ಮಲ್ಲಿ ಬಹುತೇಕರಿಗೆ ಎದುರಾಗೋ ಪ್ರಶ್ನೆ: "ಆ ಗುಂಡು ಹೊಡೆಯೋ ಆಟದಲ್ಲಿ ಅಂಥದ್ದೇನಿದೆಯೋ?" ನಾವು ಫೋನ್ ಕೆಳಗಿಟ್ಟು ಸುಮ್ಮನಾಗ್ತೀವಿ. ಹೆಚ್ಚುಕಮ್ಮಿ ಇದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನವರೆಗೂ ಹೋಗಿತ್ತು.

2005ರಲ್ಲಿ ಕ್ಯಾಲಿಫೋರ್ನಿಯಾ ಒಂದು ಕಾನೂನು ಮಾಡ್ತು. ಕ್ರೂರ ಹಿಂಸೆಯಿರುವ ಗೇಮ್‌ಗಳನ್ನ 18 ವರ್ಷದೊಳಗಿನವರಿಗೆ ಮಾರಿದರೆ 1000 ಡಾಲರ್‌ವರೆಗೆ ದಂಡ. ಸಹಿ ಹಾಕಿದ ಗವರ್ನರ್ ಯಾರು ಗೊತ್ತಾ? ಟರ್ಮಿನೇಟರ್ ಸಿನಿಮಾದ ನಮ್ಮ ಅರ್ನಾಲ್ಡ್ ಶ್ವಾರ್ಜ್‌ನೆಗರ್! ಕಾನೂನು ಜಾರಿಗೆ ಬರೋ ಮೊದಲೇ ಗೇಮ್ ಉದ್ಯಮದವರು ಕೋರ್ಟಿಗೆ ಹೋದರು.

2011ರ ಜೂನ್ 27ರಂದು 7-2 ಬಹುಮತದಲ್ಲಿ ಆ ಕಾನೂನು ಬಿದ್ದುಹೋಯ್ತು. ತೀರ್ಪು ಬರೆದ ನ್ಯಾಯಮೂರ್ತಿ ಸ್ಕಾಲಿಯಾ ಅವರ ವಾದ ಸರಳ. ಪುಸ್ತಕ, ನಾಟಕ, ಸಿನಿಮಾಗಳ ಹಾಗೆ ಗೇಮ್ ಕೂಡ ಪಾತ್ರ, ಸಂಭಾಷಣೆ, ಕಥೆ, ಸಂಗೀತದ ಮೂಲಕ ವಿಚಾರ ಹೇಳುತ್ತೆ. ಹಾಗಾಗಿ ವಾಕ್ ಸ್ವಾತಂತ್ರ್ಯದ ರಕ್ಷಣೆ ಅದಕ್ಕೂ ಇದೆ. ಮಕ್ಕಳಿಗೆ ನಾವೇ ಓದಿಸೋ ಗ್ರಿಮ್ ಸೋದರರ ಕಥೇಲೂ ಮಾಟಗಾತಿಯನ್ನ ಒಲೆಗೆ ತಳ್ಳಿ ಸಾಯಿಸ್ತಾರಲ್ಲ ಅಂತ ನೆನಪಿಸಿದರು. ಗೇಮ್‌ನಿಂದಲೇ ಮಕ್ಕಳು ಹಿಂಸೆಗೆ ಇಳೀತಾರೆ ಅನ್ನೋದಕ್ಕೆ ಸರ್ಕಾರ ತಂದ ಅಧ್ಯಯನಗಳು ಕೋರಿಲೇಶನ್ ತೋರಿಸಿದವೇ ಹೊರತು ಕಾರಣವನ್ನ ಸಾಬೀತು ಮಾಡಲಿಲ್ಲ. ಈ ವ್ಯತ್ಯಾಸವನ್ನ ನಮಗೆ ಬಿಡಿಸಿ ಹೇಳಬೇಕಿಲ್ಲ.

ಎಲ್ಲರೂ ಒಂದೇ ರೀತಿ ಯೋಚಿಸಲಿಲ್ಲ. ಕಾನೂನು ಅಸ್ಪಷ್ಟವಾಗಿದೆ ಅಂತ ಅದರ ವಿರುದ್ಧ ನಿಂತ ನ್ಯಾಯಮೂರ್ತಿ ಅಲಿಟೋ, ಓದುವುದೂ ಆಡುವುದೂ ಒಂದೇ ಅಂತ ಆತುರ ಪಡಬೇಡಿ ಅಂದರು. ಅದೂ ತೆಗೆದುಹಾಕುವ ಮಾತಲ್ಲ. ಪುಸ್ತಕದಲ್ಲಿ ಕೊಲೆಯ ಬಗ್ಗೆ ಓದ್ತೀವಿ, ಗೇಮ್‌ನಲ್ಲಿ ಟ್ರಿಗರ್ ಒತ್ತೋದು ನಾವೇ.

2020ರ ಸೆಪ್ಟೆಂಬರ್‌ನಲ್ಲಿ ಪಬ್‌ಜಿ ಮೊಬೈಲ್ ಸೇರಿ 118 ಆ್ಯಪ್‌ಗಳನ್ನ ನಮ್ಮಲ್ಲಿ ನಿಷೇಧಿಸಿದ್ದು ದೇಶದ ಭದ್ರತೆಯ ಕಾರಣಕ್ಕೆ. ಅದು ಬೇರೆ ವಿಷಯ. ಆದರೆ ಅವತ್ತು ಹಾಸ್ಟೆಲ್‌ಗಳಲ್ಲಿ ಕೇಳಿಬಂದದ್ದು "ಇನ್ನೇನು ಆಡೋದು" ಅನ್ನೋ ಗೋಳು ಮಾತ್ರ. ಗೇಮ್ ಏನನ್ನಾದ್ರೂ ಹೇಳುತ್ತೆ ಅಂತ ನಾವೇ ಅಂದುಕೊಂಡಿರಲಿಲ್ಲ.

ನಮ್ಮ ಸಂಘ ಫೆಸ್ಟ್‌ನಲ್ಲಿ ಬರಗಾಲದ ಬಗ್ಗೆ ಬೀದಿ ನಾಟಕ ಆಡಿದ್ರೆ ಎಲ್ಲರೂ ಅದನ್ನ ಅಭಿವ್ಯಕ್ತಿ ಅಂತಾರೆ. ಅದೇ ಕಥೆಯನ್ನ ಯೂನಿಟಿಯಲ್ಲಿ ಗೇಮ್ ಮಾಡಿದ್ರೆ ಬರೀ ಮಿನಿ ಪ್ರಾಜೆಕ್ಟ್! ನಾಳೆ ಯಾರಾದ್ರೂ ಅದನ್ನ ತೆಗೆಯಿರಿ ಅಂದರೆ, ಅದು ನಮ್ಮ ಮಾತು ಅಂತ ವಾದಿಸೋಕೆ ಅದರೊಳಗೆ ಮಾತಿರಬೇಕಲ್ವಾ? ಈ ಸೆಮಿಸ್ಟರ್ ಗೇಮ್ ಮಾಡ್ತಿರೋ ಗೆಳೆಯರೇ, ಗ್ರಾಫಿಕ್ಸ್‌ಗೆ ಕೂರೋ ಮುಂಚೆ ಏನು ಹೇಳಬೇಕು ಅಂತ ಒಂದು ಸಂಜೆ ಮಾತಾಡೋಣ, ಬನ್ನಿ.