ಚಪ್ಪಡಿ ಅಳೆದ ಮನೆ

ಮಾಲೂರಿನ ಇಟ್ಟಿಗೆ ಗೂಡು, ಹೆಂಚಿನ ಕಾರ್ಖಾನೆಗಳನ್ನು ನಿಂತು ನೋಡದೆ ದಾಟಿಬಿಟ್ಟೆ. ಕೋಲಾರದಲ್ಲಿ ಕೋಲಾರಮ್ಮನಿಗೆ ಕೈಮುಗಿದು ಮುಳಬಾಗಿಲಿನ ಬಸ್ಸು ಹತ್ತಿದೆ. ನನಗೆ ಬೇಕಿದ್ದದ್ದು ಈ ಸೀಮೆಯ ಕಲ್ಲುಚಪ್ಪಡಿ ಮನೆಗಳು.

ಈ ಹುಚ್ಚು ಹಿಡಿಸಿದವನು ಇಟಲಿಯ ಜುಸೆಪ್ಪೆ ಪಗಾನೊ. ಅಲಂಕಾರ ಬಿಟ್ಟು ಬಳಕೆಗೆ, ಸಾಮಗ್ರಿಗೆ ತಕ್ಕಂತೆ ಕಟ್ಟಬೇಕೆಂದ ಅಲ್ಲಿನ ವಿಚಾರವಾದಿ ವಾಸ್ತುಶಿಲ್ಪಿಗಳಲ್ಲಿ ಒಬ್ಬ. 1936ರಲ್ಲಿ ಮಿಲಾನಿನಲ್ಲಿ ಗುವಾರ್ನಿಯೆರೊ ಡೇನಿಯಲ್ ಜೊತೆ ಹಳ್ಳಿಮನೆಗಳ ಫೋಟೊ ಪ್ರದರ್ಶನ ಇಟ್ಟು, ನಮ್ಮ ಹೊಸತನದ ಬೇರು ರೈತರ ಗೋಡೆಯಲ್ಲಿದೆ ಎಂದು ವಾದಿಸಿದ. ಮೊದಲು ಫ್ಯಾಸಿಸ್ಟನಾಗಿದ್ದವನು 1942ರಲ್ಲಿ ಪಕ್ಷ ಬಿಟ್ಟು ಪ್ರತಿರೋಧಕ್ಕಿಳಿದು, 1945ರ ಏಪ್ರಿಲಿನಲ್ಲಿ ಮೌಟ್‌ಹೌಸೆನ್ ಶಿಬಿರದಲ್ಲಿ ಸತ್ತ.

ಮುಳಬಾಗಿಲು ದಾಟಿದ ಮೇಲೆ ಒಂದು ಹಳ್ಳಿಯಲ್ಲಿ ಇಳಿದೆ. ಮಾಳಿಗೆಯ ಮೇಲೆ ಹುಣಸೆಹಣ್ಣು ಒಣಹಾಕುತ್ತಿದ್ದ ಅಜ್ಜಿ ಮೇಲಿಂದಲೇ ಕೂಗಿದರು: "ಒಳಕ್ಕೆ ಹೋಗಿ ನೋಡು ಸ್ವಾಮಿ, ಬಾಗಿಲು ಗಿಡ್ಡ, ತಲೆ ಜೋಪಾನ."

ಒಳಗೆ ತಣ್ಣಗಿತ್ತು. ತಲೆಯ ಮೇಲೆ ಗೋಡೆಯಿಂದ ತೊಲೆಗೆ ಸಾಲಾಗಿ ಹಾಸಿದ ಚಪ್ಪಡಿಗಳು, ಸಂದಿಗೆ ಗಾರೆ. ಒಂದರ ಅಂಚಿನಲ್ಲಿ ಉಳಿಯಿಂದ ಕೊರೆದ ಕುಳಿಗಳ ಸಾಲು ಅರ್ಧರ್ಧ ಉಳಿದಿತ್ತು. ಬಂಡೆ ಸೀಳಿದ್ದು ಆ ಕುಳಿಗಳ ಗೆರೆಯಲ್ಲೇ. ಹಿಂದೆ ಬಂಡೆಯ ಮೇಲೆ ಸೌದೆ ಉರಿಸಿ, ಕಾದ ಪದರ ಎಬ್ಬಿಸುವ ಪದ್ಧತಿಯೂ ಇತ್ತು. ಕಲ್ಲು ಎಷ್ಟು ಭಾರ ಹೇರಿದರೂ ತಡೆಯುತ್ತದೆ, ಬಾಗಲು ಮಾತ್ರ ಒಲ್ಲದು, ಪಟ್ಟನೆ ಮುರಿಯುತ್ತದೆ. ಹಾಗಾಗಿ ಕೋಣೆಯ ಅಗಲ ಗೊತ್ತುಮಾಡುವುದು ಯಜಮಾನನಲ್ಲ, ಚಪ್ಪಡಿ. ಹೆಚ್ಚು ಜಾಗ ಬೇಕಾದರೆ ನಡುವೆ ಇನ್ನೊಂದು ಕಂಬ ನಿಲ್ಲಿಸಬೇಕು.

ಇಟಲಿಯ ಕೋಮೊ ಪಟ್ಟಣದಲ್ಲಿ, ಪಗಾನೊನಂತೆಯೇ ವಿಚಾರವಾದಿ ವಾಸ್ತುಶಿಲ್ಪಿಯಾದ ಜುಸೆಪ್ಪೆ ತೆರಾಞಿ ಫ್ಯಾಸಿಸ್ಟ್ ಪಕ್ಷಕ್ಕೆ ಕಟ್ಟಿದ ಕಚೇರಿಯೂ ಆ ಪ್ರದರ್ಶನದ ವರ್ಷ, 1936ರಲ್ಲೇ ಮುಗಿದದ್ದು. 33 ಮೀಟರ್ ಚೌಕ, ಎತ್ತರ ಅದರ ಅರ್ಧ. ಲೆಕ್ಕ ಚೊಕ್ಕ, ನಿಜ. ಆದರೆ ಕಾಂಕ್ರೀಟಿಗೆ ಅಮೃತಶಿಲೆ ಹೊದಿಸಿದ್ದಾರೆ. ಅಜ್ಜಿಯ ಮನೆಗೆ ಆ ಹೊದಿಕೆಯೂ ಇಲ್ಲ. ಹಾಗಂತ, ಬೇಸಿಗೆ ರಾತ್ರಿ ಕಾದ ಮಾಳಿಗೆಯಡಿ ಮಲಗುವುದು ಕಷ್ಟವೇ. ಹೊಗಳುವ ನಾವ್ಯಾರೂ ಅಲ್ಲಿ ಮಲಗುವವರಲ್ಲ.

ಶ್ರೀನಿವಾಸಪುರಕ್ಕೆ ಹೋಗುವ ದಾರಿಯುದ್ದ ಮಾವಿನ ತೋಪು. ಊರಂಚಿನಲ್ಲಿ, ಹಳೇ ಮನೆ ಕೆಡವಿದ ಜಾಗದಲ್ಲಿ ಹೊಸ ಮನೆಯೊಂದು ಏಳುತ್ತಿತ್ತು. ಮೇಸ್ತ್ರಿ ಮೊಬೈಲಿನಲ್ಲಿ ಎಲಿವೇಷನ್ ತೋರಿಸಿದರು.

"ಮುಂದ್ಗಡೆ ನಾಲ್ಕು ರೋಮನ್ ಕಂಬ ಬರ್ತವೆ ಸಾರ್."

"ಭಾರ ಹೊರೋಕಾ?"

"ಏ, ಇಲ್ಲ, ಅಚ್ಚಿನ ಸಿಮೆಂಟು, ಒಳಗೆ ಪೊಳ್ಳು. ಓನರ್ರು ಕೇಳಿದ್ರು, ಹಾಕ್ತಿದೀನಿ."

ಮುಸೊಲಿನಿಯ ರೋಮಿನಲ್ಲಿ ಕಂಬ, ಕಮಾನುಗಳ ಆಡಂಬರ ಹೆಚ್ಚಿದಾಗ ಪಗಾನೊ ತನ್ನ 'ಕಾಸಾಬೆಲ್ಲಾ' ಪತ್ರಿಕೆಯಲ್ಲಿ ಅದರ ಮೇಲೆ ಹರಿಹಾಯ್ದು ಬರೆದಿದ್ದ. ಮೇಸ್ತ್ರಿಗೆ ಅದೆಲ್ಲ ಹೇಳಲಿಲ್ಲ. ಹಳೇ ಮನೆಯ ಚಪ್ಪಡಿ ಏನಾದವು ಎಂದೆ. ಅವರು ಕೈ ತೋರಿಸಿದ ಕಡೆ, ಚರಂಡಿಗೆ ಅಡ್ಡಲಾಗಿ ಎರಡು ಬಿದ್ದಿದ್ದವು; ಮರಳಿನ ಟ್ರಾಕ್ಟರು ಅವುಗಳ ಮೇಲೇ ಹತ್ತಿ ಒಳಗೆ ಬರುತ್ತಿತ್ತು.